ಮುಟ್ಟುಗೋಲಾದ ಲಾರಿಯ ವ್ಯಾಜ್ಯ

ರಕ್ತಚಂದನವು ಶೇಷಾಚಲವೇ ಮೊದಲಾದ ಪೂರ್ವಘಟ್ಟದ ದಕ್ಷಿಣದ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ತಾನಾಗಿ ಬೆಳೆಯುವ ಮರವಲ್ಲ. ಇದರ ಅಂತರರಾಷ್ಟ್ರೀಯ ವ್ಯಾಪಾರವು 1995ರಿಂದ ಸೈಟಿಸ್ ಒಡಂಬಡಿಕೆಯ ಹತೋಟಿಯಲ್ಲಿರುವುದು. ಕಾಡಿನಿಂದ ಕಡಿದ ದಿಮ್ಮಿಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು ಭಾರತ ಸರಕಾರದವರು ನಿಷೇಧಿಸಿರುವರು. ಆದರೂ ಚೀನ ದೇಶದ ಗಿರಾಕಿಗಳ ಬೇಡಿಕೆಯು ಕುಂದದ ಕಾರಣ, ಮರವು ಕದ್ದು ಮುಚ್ಚಿ ಬಂದರುಗಳ ಕಡೆಗೂ ಬೆಂಗಳೂರಿನ ಸುತ್ತಣ ಗೋದಾಮುಗಳಿಗೂ ಹರಿಯುತ್ತಲೇ ಇದೆ. ಕಡಿಯುವ ಕೂಲಿಗೆ ದೊರೆಯುವುದು ಅಲ್ಪ, ಲಾಭವೆಲ್ಲವೂ ಸಾಗಣೆಯಲ್ಲಿ. ಆದಕಾರಣ ಕಾನೂನಿನ ಕೈ ಕೊಡಲಿಗಿಂತ ಲಾರಿಯ ಮೇಲೆಯೇ ಬಲವಾಗಿ ಬೀಳುತ್ತದೆ.

ಆಂಧ್ರದ 1967ರ ಅರಣ್ಯ ಕಾಯಿದೆಯಲ್ಲಿಯೂ ನಮ್ಮ ಕರ್ನಾಟಕದ 1963ರ ಕಾಯಿದೆಯಲ್ಲಿಯೂ ಈ ಅಧಿಕಾರವು ಅರಣ್ಯ ಇಲಾಖೆಗೇ ಕೊಡಲ್ಪಟ್ಟಿದೆ. ಗಂಧದ ಕಳ್ಳಸಾಗಣೆಯ ಹಾವಳಿಯನ್ನು ಕಂಡ ನಮ್ಮವರಿಗೆ ಇದರ ಅಗತ್ಯವನ್ನು ವಿವರಿಸಬೇಕಾದುದಿಲ್ಲ. ನಮ್ಮ ಕಾಯಿದೆಯ 71-ಎ ಪ್ರಕರಣದ ಮೇರೆಗೆ, ಕ್ರಿಮಿನಲ್ ಮೊಕದ್ದಮೆ ಹೂಡಲಿ ಹೂಡದಿರಲಿ, ಅಧಿಕಾರ ಪಡೆದ ಅರಣ್ಯಾಧಿಕಾರಿಯು ಮರವನ್ನೂ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಮುಟ್ಟುಗೋಲಿನ ವಿಚಾರಣೆಯೇ ಬೇರೆ, ಅಪರಾಧದ ವಿಚಾರಣೆಯೇ ಬೇರೆ ಎಂದು ಆಂಧ್ರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಹೇಳಿತು.

ವ್ಯಾಜ್ಯದ ಮರ್ಮವಿರುವುದು ಮಾಲೀಕನ ಅರಿವಿನಲ್ಲಿ. ಲಾರಿಯು ತನ್ನ ಅರಿವಿಲ್ಲದೆ ಬಳಕೆಯಾಯಿತೆಂದು ಅವನು ರುಜುವಾತುಪಡಿಸಿದರೆ ಸಾಲದು. ತನ್ನ ಏಜೆಂಟನಿಗೂ, ವಾಹನವನ್ನು ನಡೆಸುತ್ತಿದ್ದವನಿಗೂ ಅರಿವಿರಲಿಲ್ಲವೆಂದೂ, ಮೂವರೂ ತಕ್ಕ ಎಚ್ಚರಿಕೆಯನ್ನು ವಹಿಸಿದ್ದರೆಂದೂ ಅವನೇ ತೋರಿಸಬೇಕು. ಮಾಲೀಕನು ಹೊಸಪೇಟೆಯಲ್ಲಿದ್ದಾನೆ, ಲಾರಿ ಕಡಪೆಯಲ್ಲಿದೆ. ಚಾಲಕನು ಹಣದಾಸೆಗೆ ಈರುಳ್ಳಿ ಮೂಟೆಗಳ ಕೆಳಗೆ ನಾಲ್ಕು ದಿಮ್ಮಿಗಳನ್ನು ಅಡಗಿಸಿದನೆಂದು ಭಾವಿಸೋಣ. ಮಾಲೀಕನು ಏನೂ ಅರಿಯದವನಾಗಿದ್ದರೂ ಚಾಲಕನ ಅರಿವೇ ಅವನಿಗೆ ಮುಳುವಾಗುತ್ತದೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳಿಗೂ ತಪ್ಪದೆ ಬರುತ್ತದೆ. ಇಷ್ಟು ಬಿಗಿಯಿಲ್ಲದಿದ್ದರೆ ಪ್ರತಿಯೊಬ್ಬ ಕಳ್ಳನೂ ತನ್ನ ಲಾರಿಯನ್ನು ಅರಿಯದ ಮಾಲೀಕನೊಬ್ಬನ ಹೆಸರಿನಲ್ಲಿ ಇರಿಸುವನೆಂಬ ಇಲಾಖೆಯ ವಾದವೂ ಹುರುಳಿಲ್ಲದ್ದಲ್ಲ.

ಲಾರಿಯನ್ನು ತಾತ್ಕಾಲಿಕವಾಗಿ ಬಿಡಿಸಿಕೊಳ್ಳೋಣವೆಂದರೆ ಆ ದಾರಿಯೂ ಕಿರಿದು. ಕರ್ನಾಟಕ ಸರಕಾರವೇ ಕಕ್ಷಿಯಾಗಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಹೀಗೆಂದಿತು: ಎಲ್ಲ ನಡವಳಿಗಳೂ ಮುಗಿಯುವವರೆಗೆ ಇಂತಹ ವಾಹನವನ್ನು ಸಾಮಾನ್ಯವಾಗಿ ಹಿಂದಕ್ಕೆ ಕೊಡತಕ್ಕದ್ದಲ್ಲ, ವಿಶೇಷ ಕಾರಣದಿಂದ ಕೊಟ್ಟರೂ ಬ್ಯಾಂಕಿನ ಖಾತರಿಯನ್ನು ಪಡೆಯಲೇಬೇಕು. ಮುಟ್ಟುಗೋಲಿಗೆ ಗುರಿಯಾದ ವಾಹನವನ್ನು ಬಿಡುವ ಅಧಿಕಾರವು ಮ್ಯಾಜಿಸ್ಟ್ರೇಟರಿಗಿಲ್ಲವೆಂಬುದು 2002ರಲ್ಲಿ ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣದಲ್ಲಿ ಸ್ಥಿರವಾಯಿತು. ವಿಚಿತ್ರವೆಂದರೆ, ಪೊಲೀಸ್ ಠಾಣೆಗಳ ಅಂಗಳದಲ್ಲಿ ವಾಹನಗಳು ತುಕ್ಕು ಹಿಡಿಯಬಾರದು, ಅವುಗಳನ್ನು ಬೇಗನೆ ವಿಲೇ ಮಾಡಬೇಕೆಂದು ಅದೇ ನ್ಯಾಯಾಲಯವು ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದ್ದೂ ಅದೇ 2002ರಲ್ಲಿ. ಅರಣ್ಯದ ಡಿಪೋಗಳಲ್ಲಿರುವ ಲಾರಿಗಳಿಗೆ ಆ ಕರುಣೆ ದೊರೆಯಲಿಲ್ಲ.

ನಿಷೇಧವು ಸಡಿಲವಾಗಬೇಕೆಂದು ನಾವು ಕೇಳುತ್ತಿಲ್ಲ. ಮುಟ್ಟುಗೋಲಾದ ರಕ್ತಚಂದನವನ್ನು ಕೇಂದ್ರದ ವಿಶೇಷ ಅನುಮತಿಯ ಮೇಲೆ ಆಂಧ್ರದವರು 2014ರಲ್ಲಿ ಹರಾಜು ಹಾಕಿದರು. ಮರಕ್ಕೆ ಕಾದರೂ ಬೆಲೆಯುಂಟು. ಕಾದ ಲಾರಿಗೆ ಗುಜರಿಯ ಬೆಲೆಯೇ ಗತಿ. ಹಿಡಿದ ಇಲಾಖೆಯ ಅಧಿಕಾರಿಯೇ ಮೊದಲ ತೀರ್ಪುಗಾರನಾಗಿರುವಾಗ ಸೆಷನ್ಸ್ ನ್ಯಾಯಾಧೀಶರಲ್ಲಿಗೆ ಅಪೀಲು ಹೋಗುವುದೊಂದೇ ಮಾಲೀಕನ ಆಸರೆ. ಅದಕ್ಕೆ ಅವನಿಗೆ ದೊರೆಯುವುದು ಮೂವತ್ತು ದಿನ. ಆ ಅಧಿಕಾರಿಗೂ ಇಷ್ಟೇ ಬಿಗಿಯಾದ ಗಡುವೊಂದನ್ನು ಶಾಸನಸಭೆಯು ವಿಧಿಸಲಿ. ಗಡುವು ಮೀರಿದಲ್ಲಿ, ಖಾತರಿಯನ್ನು ಪಡೆದು ಲಾರಿಯನ್ನು ಬಿಡುವ ಹಕ್ಕು ಸೆಷನ್ಸ್ ನ್ಯಾಯಾಧೀಶರಿಗೆ ಕಾಯಿದೆಯಿಂದಲೇ ದೊರೆಯಲಿ.