ಅಚ್ಚಿಗೆ ಕೊಡುವ ಮುನ್ನ

ಬಹುವರ್ಣದ ಆಫ್‌ಸೆಟ್ ಮುದ್ರಣ ಸಾಮಾನ್ಯವಾಗಿ ನಡೆಯುವುದು ನಾಲ್ಕು ಶಾಯಿಗಳಿಂದ: ಸಯಾನ್, ಮಜೆಂಟಾ, ಹಳದಿ ಮತ್ತು ಕಪ್ಪು (ಸಿಎಂವೈಕೆ). ಒಂದೊಂದು ಶಾಯಿಗೂ ಒಂದೊಂದು ಪ್ಲೇಟು. ಕಂಪ್ಯೂಟರಿನ ಪರದೆಯಾದರೋ ಕೆಂಪು, ಹಸಿರು, ನೀಲಿ (ಆರ್‌ಜಿಬಿ) ಬೆಳಕಿನಿಂದ ಬಣ್ಣ ಮೂಡಿಸುತ್ತದೆ. ಹಾಗಾಗಿ ಪರದೆಯಲ್ಲಿ ಹೊಳೆಯುವ ಗಿಳಿಹಸಿರು ಕಾಗದದ ಮೇಲೆ ಮಂಕಾಗುತ್ತದೆ. ವಿನ್ಯಾಸವನ್ನು ಆರ್‌ಜಿಬಿಯಿಂದ ಸಿಎಂವೈಕೆಗೆ ಬದಲಿಸಿ ನೋಡಿದರೆ ಈ ವ್ಯತ್ಯಾಸ ಮೊದಲೇ ತಿಳಿಯುತ್ತದೆ.

ಸಣ್ಣ ಅಕ್ಷರಗಳಿಗೆ ಕಪ್ಪು ಶಾಯಿಯೊಂದನ್ನೇ ಶೇ 100ರಷ್ಟು ಕೊಡಬೇಕು. ನಾಲ್ಕೂ ಶಾಯಿ ಬೆರೆಸಿದ ಕಪ್ಪಾದರೆ, ಮುದ್ರಣದಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಅಕ್ಷರದಂಚಿಗೆ ಬಣ್ಣದ ನೆರಳು ಬೀಳುತ್ತದೆ, ಒತ್ತಕ್ಷರಗಳು ಮಸುಕಾಗುತ್ತವೆ.

ಅಳತೆಯಲ್ಲಿ ಕಟಿಂಗಿನ ಲೆಕ್ಕ ಸೇರಬೇಕು. ಕಾಗದದ ಕಟ್ಟನ್ನು ಕತ್ತರಿಸುವಾಗ ಅಲಗು ತುಸು ಆಚೀಚೆ ಆಗುವುದು ಸಹಜ. ಅದಕ್ಕಾಗಿ ಹಿನ್ನೆಲೆಯ ಬಣ್ಣವನ್ನು ನಾಲ್ಕೂ ಬದಿಗೆ 3 ಮಿ.ಮೀ. ಹೊರಗೆ ಚಾಚಬೇಕು. ಇದೇ ಬ್ಲೀಡ್. 210×297 ಮಿ.ಮೀ. ಅಳತೆಯ ಎ4 ಹಾಳೆಗೆ ವಿನ್ಯಾಸ 216×303 ಇರಬೇಕು. ಅಕ್ಷರಗಳು ಅಂಚಿನಿಂದ 5 ಮಿ.ಮೀ. ಒಳಗಿದ್ದರೆ ಕ್ಷೇಮ.

ಚಿತ್ರಗಳಿಗೆ ಅಚ್ಚಾಗುವ ಗಾತ್ರದಲ್ಲಿ ಇಂಚಿಗೆ 300 ಪಿಕ್ಸೆಲ್ ಬೇಕು. 4 ಇಂಚು ಅಗಲದ ಫೋಟೋ ಎಂದರೆ 1,200 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರ ಕುಗ್ಗಿರುತ್ತದೆ. ಅದನ್ನು ಎಷ್ಟು ಹಿಗ್ಗಿಸಿದರೂ ಕಳೆದ ವಿವರ ಮರಳುವುದಿಲ್ಲ. ಮೂಲ ಫೈಲನ್ನೇ ತರಿಸಿಕೊಳ್ಳಬೇಕು.

ಕನ್ನಡದ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಫಾಂಟಿನ ವಿಷಯದಲ್ಲಿ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಲಗ್ನಪತ್ರಿಕೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಯೂನಿಕೋಡ್ ಪಠ್ಯಕ್ಕೆ ಬೇರೆ ತೊಂದರೆ: ತಂತ್ರಾಂಶದಲ್ಲಿ ಭಾರತೀಯ ಲಿಪಿಯ ಜೋಡಣೆ ಸರಿಯಿಲ್ಲದಿದ್ದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬರುತ್ತದೆ. ಫಾಂಟನ್ನು ಪಿಡಿಎಫ್‌ನೊಳಗೆ ಸೇರಿಸುವುದು ಅಥವಾ ಅಕ್ಷರಗಳನ್ನು ಔಟ್‌ಲೈನ್ ಆಗಿ, ಅಂದರೆ ಬರಿಯ ಆಕಾರಗಳಾಗಿ, ಬದಲಿಸುವುದು ಮೊದಲ ತೊಂದರೆಗೆ ಪರಿಹಾರ. ಎರಡನೆಯದನ್ನು ಅದಕ್ಕೂ ಮುನ್ನವೇ ತಿದ್ದಿರಬೇಕು. ಔಟ್‌ಲೈನ್ ಮಾಡಿದ ಮೇಲೆ ಅಕ್ಷರ ತಿದ್ದಲಾಗದು. ಆದ್ದರಿಂದ ಮೂಲದ ಒಂದು ಪ್ರತಿ ಬೇರೆಯಾಗಿ ಇರಲಿ.

ನಡುವೆ ಪಿನ್ ಹೊಡೆಯುವ ಪುಸ್ತಿಕೆಯಾದರೆ ಪುಟಗಳ ಸಂಖ್ಯೆ 4ರಿಂದ ಭಾಗವಾಗಬೇಕು. ಕೊನೆಗೆ ಪ್ರೆಸ್ಸಿನವರು ಕೇಳುವ ಬಗೆಯ ಪಿಡಿಎಫ್ ಮಾಡಿ, ಪ್ರೂಫನ್ನು ಕಾಗದದ ಮೇಲೆ ತೆಗೆದು ಹೆಸರು, ದಿನಾಂಕ, ಫೋನ್ ಸಂಖ್ಯೆಗಳನ್ನು ಇನ್ನೊಬ್ಬರಿಂದ ಓದಿಸಬೇಕು. ಪ್ಲೇಟಿಗೆ ಮೊದಲು ಸಿಕ್ಕ ತಪ್ಪನ್ನು ನಿಮಿಷಗಳಲ್ಲಿ ತಿದ್ದಬಹುದು. ಅಚ್ಚಾದ ಮೇಲೆ ಸಿಕ್ಕರೆ ಕಾಗದ, ಶಾಯಿ, ಕೂಲಿ ಮೂರನ್ನೂ ಮತ್ತೆ ತೆರಬೇಕು.