ಸಮಾಜಕಾರ್ಯಕರ್ತನ ಓದು ಎಲ್ಲಿಗೆ ಮುಗಿಯುತ್ತದೆ?

ತುಳುನಾಡಿನ ಹಿರಿಯರ ಬಾಯಲ್ಲಿ ಒಂದು ಮಾತುಂಟು: ‘ಎರ್ಮಾಳ್ ಜಪ್ಪು, ಖಂಡೇವು ಅಡೆಪು’. ನಮ್ಮೂರು ಎರ್ಮಾಳಿನ ಜಾತ್ರೆಯಿಂದ ವರ್ಷದ ಜಾತ್ರೆಗಳಿಗೆ ಆರಂಭ, ಖಂಡಿಗೆಯ ಜಾತ್ರೆಯಿಂದ ಅವಕ್ಕೆ ಮುಕ್ತಾಯ ಎಂದು ಅದರ ಭಾವ. ಜಾತ್ರೆಗಳಿಗೆ ಈ ಲೆಕ್ಕ ಸರಿಯೇ. ಆದರೆ ನಾವು ವಿದ್ಯಾಭ್ಯಾಸವನ್ನೂ ಹೀಗೆಯೇ ಲೆಕ್ಕ ಹಾಕಿಕೊಂಡಿದ್ದೇವೆ. ಶಾಲೆಗೆ ಸೇರಿದ ದಿನ ಅದರ ಜಪ್ಪು. ಪದವಿಪತ್ರ ಕೈಗೆ ಬಂದ ದಿನ ಅದರ ಅಡೆಪು! ಬೇರೆ ಉದ್ಯೋಗಗಳ ಮಾತು ಹೇಗೂ ಇರಲಿ. ಮನುಷ್ಯರ ಕಷ್ಟವನ್ನೇ ಕೈಗೆತ್ತಿಕೊಳ್ಳುವ ಸಮಾಜಕಾರ್ಯಕರ್ತರ ಮತ್ತು ಚಿಕಿತ್ಸಕರ ವಿಷಯದಲ್ಲಿ ಈ ಲೆಕ್ಕ ಅಪಾಯಕರವೆಂಬುದನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು, ಕಣ್ಣಾರೆ ಕಂಡ ಒಂದು ಸಂಗತಿ. ನಮ್ಮ ನೆರೆಮನೆಯ ಅಜ್ಜ ಕೈರಂಪಣಿಯಲ್ಲಿ ಬಲೆ ಎಳೆದು ಬಾಳಿದವರು. ಕೆಲವು ವರ್ಷಗಳ ಕೆಳಗೆ ಅವರಿಗೆ ಪಕ್ಷವಾತ ಬಡಿದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಸ್ಪೀಚ್ ಥೆರಪಿಗೆಂದು ಅವರನ್ನು ಕರೆದೊಯ್ಯುವಾಗ ರಜೆಯ ದಿನಗಳಲ್ಲಿ ನಾನೂ ಜೊತೆಗಿರುತ್ತಿದ್ದೆ. ಥೆರಪಿಸ್ಟರು ತಾಳ್ಮೆಯ ಮನುಷ್ಯರು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದು, ‘ಇದೇನು? ಸೇಬು. ಹೇಳಿ, ಸೇಬು’ ಎಂದು ಅಚ್ಚಗನ್ನಡದಲ್ಲಿ ಕೇಳುತ್ತಿದ್ದರು. ಅಜ್ಜನಿಗೋ ಮನೆಯಲ್ಲಿಯೂ ಕಡಲಕರೆಯಲ್ಲಿಯೂ ತುಳುವೇ ಉಸಿರು. ಕನ್ನಡವೆಂದರೆ ಪೇಟೆಗೆ ಹೋದಾಗ ಆಡುವ ನಾಲ್ಕು ಮಾತು. ಎರಡು ತಿಂಗಳು ಕಳೆದರೂ ಅವರು ತುಟಿ ಬಿಚ್ಚಲಿಲ್ಲ. ‘ಇನ್ನು ಮಾತು ಬರುವುದು ಕಷ್ಟ’ ಎಂಬ ಉತ್ತರ ದೊರೆಯಿತು. ಮನೆಯವರು ಹೋಗುವುದನ್ನೇ ಬಿಟ್ಟರು.

ಆರು ತಿಂಗಳ ಮೇಲೆ ಅದೇ ಥೆರಪಿಸ್ಟರು ತಾವಾಗಿ ಫೋನು ಮಾಡಿ ಕರೆಸಿಕೊಂಡರು. ಅವರು ಅಷ್ಟರಲ್ಲಿ ಒಂದು ತರಬೇತಿಗೆ ಹೋಗಿ ಬಂದಿದ್ದರು. ಈ ಸಲ ಕಾರ್ಡುಗಳಲ್ಲಿ ಸೇಬು ಇರಲಿಲ್ಲ. ದೋಣಿ, ಬಲೆ, ಮನೆಯ ಅಂಗಳ, ಮೀನು — ಎಲ್ಲವೂ ಮನೆಯವರಿಂದಲೇ ತರಿಸಿಕೊಂಡ ಫೋಟೋಗಳು. ‘ಅಜ್ಜೆರೆ, ಉಂದು ದಾದ?’ ಎಂದು ಅವರು ತುಳುವಿನಲ್ಲಿ ಕೇಳಿದರು. ಮೂರನೆಯ ವಾರ ಅಜ್ಜನ ಬಾಯಿಂದ ‘ಬೂ... ಬೂತಾಯಿ’ ಎಂಬ ಮಾತು ಹೊರಟಿತು. ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು. ಇದರಲ್ಲಿ ಕಾಲವೂ ತನ್ನ ಕೆಲಸ ಮಾಡಿದ್ದಿರಬಹುದು. ಆದರೆ ಪಕ್ಷವಾತದ ಅನಂತರದ ಮೊದಲ ತಿಂಗಳುಗಳೇ ಚೇತರಿಕೆಗೆ ಬಹು ಬೆಲೆಯುಳ್ಳವು, ಮತ್ತು ಆ ತಿಂಗಳುಗಳು ಅಜ್ಜನ ಪಾಲಿಗೆ ಬರಿದೇ ಹೋಗಿದ್ದವು. ಹೊರಡುವಾಗ ಥೆರಪಿಸ್ಟರು ನನ್ನೊಡನೆ ಹೇಳಿದ ಮಾತನ್ನು ನಾನು ಮರೆತಿಲ್ಲ: ‘ತಪ್ಪು ಅಜ್ಜನ ನಾಲಗೆಯದ್ದಲ್ಲ, ನನ್ನ ಓದಿನದ್ದು. ಹನ್ನೆರಡು ವರ್ಷ ಹಿಂದೆ ಕಲಿತದ್ದನ್ನೇ ಮಾಡುತ್ತಾ ಬಂದಿದ್ದೆ.’

ಈ ವೃತ್ತಿಗಳ ಸ್ವರೂಪವನ್ನು ಸ್ವಲ್ಪ ತಿಳಿದುಕೊಂಡರೆ ಆ ಮಾತಿನ ತೂಕ ಗೊತ್ತಾಗುತ್ತದೆ. ಸಮಾಜಸೇವೆ ಬೇರೆ, ಸಮಾಜಕಾರ್ಯ ಬೇರೆ. ಹಸಿದವನಿಗೆ ಅನ್ನವಿಕ್ಕಲು ಪದವಿ ಬೇಕಿಲ್ಲ; ಒಳ್ಳೆಯ ಮನಸ್ಸು ಸಾಕು. ಆದರೆ ಕುಡಿತದಿಂದ ಒಡೆದ ಸಂಸಾರವನ್ನು ಕೂಡಿಸುವುದಕ್ಕೆ, ಹಿಂಸೆಗೊಳಗಾದ ಮಗುವಿನ ಬಾಯಿಂದ ನಿಜವನ್ನು ಹೆದರಿಸದೆ ಕೇಳುವುದಕ್ಕೆ, ಮನೋರೋಗದಿಂದ ಗುಣವಾಗಿ ಬಂದವನನ್ನು ಊರು ಮತ್ತೆ ಸೇರಿಸಿಕೊಳ್ಳುವಂತೆ ಮಾಡುವುದಕ್ಕೆ ಒಳ್ಳೆಯ ಮನಸ್ಸಿನ ಜೊತೆಗೆ ಪಳಗಿದ ಕೈಯೂ ಬೇಕು. ಈ ಪಳಗಿಸುವಿಕೆಯೇ ಸಮಾಜಕಾರ್ಯದ ಶಿಕ್ಷಣ.

ಈ ಶಿಕ್ಷಣ ಹುಟ್ಟಿದ ರೀತಿಯೂ ಗಮನಾರ್ಹವಾದುದು. ೧೮೯೮ರಲ್ಲಿ ನ್ಯೂಯಾರ್ಕಿನಲ್ಲಿ ಆರು ವಾರಗಳ ಒಂದು ಬೇಸಗೆ ಶಾಲೆ ನಡೆಯಿತು. ದಾನಧರ್ಮದ ಸಂಸ್ಥೆಗಳ ಕೆಲಸದಲ್ಲಿ ಆಗಲೇ ತೊಡಗಿದ್ದವರನ್ನು ತಿದ್ದುವುದು ಅದರ ಗುರಿ. ಅದೇ ಬೆಳೆದು ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಗಿದೆ. ಅಂದರೆ, ಇಲ್ಲಿ ಕೆಲಸ ಮೊದಲು ಬಂತು, ಪದವಿ ಆಮೇಲೆ ಬಂತು. ಸೇವೆಯ ನಡುವಣ ಕಲಿಕೆಯೇ ಈ ವೃತ್ತಿಯ ಬೇರು. ನಮ್ಮ ದೇಶದಲ್ಲಿ ೧೯೩೬ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಶಾಲೆ ಆರಂಭವಾಯಿತು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ನಮ್ಮ ಕರಾವಳಿಗೆ ಈ ವಿದ್ಯೆ ಬಂದುದು ೧೯೬೦ರಲ್ಲಿ, ಮಂಗಳೂರಿನ ರೋಶನಿ ನಿಲಯದ ಮೂಲಕ. ಮಾತು ಮತ್ತು ಶ್ರವಣದ ಚಿಕಿತ್ಸೆಗಾಗಿ ಮೈಸೂರಿನ ಸಂಸ್ಥೆ ೧೯೬೫ರಲ್ಲಿ ಸ್ಥಾಪಿತವಾಯಿತು. ಮಣಿಪಾಲದಲ್ಲಿ ಇಂದು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಸ್ಪೀಚ್ ಥೆರಪಿ ಮೂರನ್ನೂ ಕಲಿಸುತ್ತಾರೆ. ಪದವಿ ಪಡೆಯಲು ನಮ್ಮವರು ಬಹುದೂರ ಹೋಗಬೇಕಾಗಿಲ್ಲ. ಪ್ರಶ್ನೆ ಪದವಿಯ ಅನಂತರದ್ದು.

ಪದವಿಯ ಓದು ಏಕೆ ಸಾಲದು? ಮೊದಲನೆಯ ಕಾರಣ, ಕಾನೂನು ಬದಲಾಗುತ್ತದೆ. ೧೯೧೨ರ ಹುಚ್ಚರ ಕಾಯಿದೆ ಸುಮಾರು ಎಂಬತ್ತು ವರ್ಷ ಈ ದೇಶವನ್ನಾಳಿತು. ಅದರ ಸ್ಥಾನದಲ್ಲಿ ೧೯೮೭ರ ಮಾನಸಿಕ ಆರೋಗ್ಯ ಕಾಯಿದೆ ಬಂದು ೧೯೯೩ರಲ್ಲಿ ಜಾರಿಯಾಯಿತು. ಇಪ್ಪತ್ತೈದು ವರ್ಷಗಳಲ್ಲಿ ಅದೂ ಹೋಗಿ ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂದಿತು. ಈ ಹೊಸ ಕಾಯಿದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಮೊದಲು ಭಾವಿಸತಕ್ಕದ್ದು. ಅವನಿಗೆ ಆರೈಕೆ ಒದಗಿಸುವುದು ಸರಕಾರದ ಕರ್ತವ್ಯ. ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಣಿಯಿಂದ ಬಿಗಿಯಕೂಡದೆಂದೂ ಅದು ವಿಧಿಸುತ್ತದೆ. ಹಳೆಯ ಪಾಠವನ್ನೇ ನೆಚ್ಚಿದ ಕಾರ್ಯಕರ್ತನೊಬ್ಬ ದುಃಖದಲ್ಲಿರುವ ಮನೆಗೆ ಹೋಗಿ, ‘ಪೊಲೀಸ್ ಕೇಸಾಗುತ್ತದೆ, ಯಾರಿಗೂ ಹೇಳಬೇಡಿ’ ಎಂದು ಬುದ್ಧಿ ಹೇಳಿದರೆ, ಚಿಕಿತ್ಸೆಗೆ ಬರಬೇಕಾದ ಜೀವವನ್ನು ಅವನೇ ಕತ್ತಲೆಗೆ ದೂಡಿದಂತಾಗುವುದಿಲ್ಲವೆ?

ಇನ್ನೊಂದು ಉದಾಹರಣೆ. ‘ನಿನ್ನಲ್ಲಿಗೆ ಬಂದವರ ಗುಟ್ಟನ್ನು ಕಾಪಾಡು’ ಎಂಬುದು ಆಪ್ತಸಮಾಲೋಚಕರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ೨೦೧೨ರ ಕಾಯಿದೆ, ಅಂತಹ ಅಪರಾಧದ ಅರಿವಾದವರು ಅದನ್ನು ವರದಿ ಮಾಡಲೇಬೇಕೆಂದು ವಿಧಿಸಿತು, ಸುಮ್ಮನಿರುವುದೇ ಅಪರಾಧ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ, ಹಿಂದೆ ಏಳೇ ಇದ್ದ ವೈಕಲ್ಯಗಳ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು. ಇದನ್ನರಿಯದ ಕಾರ್ಯಕರ್ತನು, ಅರ್ಹತೆಯುಳ್ಳ ಮಗುವಿನ ತಾಯಿಯನ್ನು ‘ನಿಮಗೆ ಸೌಲಭ್ಯವಿಲ್ಲ’ ಎಂದು ಬರಿಗೈಯಲ್ಲಿ ಕಳುಹಿಸಿಬಿಟ್ಟಾನು.

ಎರಡನೆಯ ಕಾರಣ, ಜ್ಞಾನ ಬೆಳೆಯುತ್ತದೆ. ನಮ್ಮ ಕಡಲಿಗೆ ಸಂಬಂಧಿಸಿದ ಒಂದು ಘಟನೆಯಿಂದ ಇದನ್ನು ವಿಶದಪಡಿಸಬಹುದು. ೨೦೧೮ರ ದಶಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಕಡಲಿನಲ್ಲಿ ಪತ್ತೆಯಾದುದು ೨೦೧೯ರ ಮೇ ತಿಂಗಳಲ್ಲಿ. ನಡುವಣ ನಾಲ್ಕೂವರೆ ತಿಂಗಳು ಆ ಏಳು ಮನೆಗಳ ಪಾಡೇನು? ಅತ್ತರೆ ಅಪಶಕುನ, ಅಳದಿದ್ದರೆ ಎದೆಯೊಡೆಯುವ ಭಾರ. ಉತ್ತರಕ್ರಿಯೆ ಮಾಡುವಂತಿಲ್ಲ, ಮಾಡದೆ ಇರುವಂತಿಲ್ಲ. ಈ ಬಗೆಯ ದುಃಖಕ್ಕೆ ಅಮೆರಿಕದ ಪೌಲೀನ್ ಬಾಸ್ ಎಂಬ ವಿದುಷಿ ಒಂದು ಹೆಸರನ್ನೇ ಕೊಟ್ಟಿದ್ದಾರೆ. ಅದನ್ನು ನಾವು ‘ಅನಿಶ್ಚಿತ ಅಗಲಿಕೆ’ ಎನ್ನಬಹುದು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಸಂಸಾರಗಳನ್ನು ನೋಡಿ ಅವರು ೧೯೭೦ರ ದಶಕದಲ್ಲಿ ಈ ವಿಚಾರವನ್ನು ಬೆಳೆಸಿದರು. ಇಂತಹ ಮನೆಗೆ ಹೋದವನು ‘ಧೈರ್ಯವಾಗಿರಿ, ಬಂದೇ ಬರುತ್ತಾರೆ’ ಎನ್ನಬಾರದು. ‘ಹೋದವರು ಹೋದರು, ಮರೆತುಬಿಡಿ’ ಎಂದೂ ಅನ್ನಬಾರದು. ಆಸೆಯನ್ನೂ ಶೋಕವನ್ನೂ ಒಟ್ಟಿಗೆ ಹೊತ್ತು ದಿನ ನೂಕಲು ಹೆಗಲು ಕೊಡಬೇಕು. ಮರಣದ ದುಃಖದ ಬಗ್ಗೆ ಮಾತ್ರ ಓದಿದವನಿಗೆ ಇದು ಹೊಳೆಯುವುದು ಕಷ್ಟ. ಕಡಲನ್ನೇ ನಂಬಿದ ಎರ್ಮಾಳಿನಂತಹ ಊರಿನ ಕಾರ್ಯಕರ್ತನಿಗೋ ಇದು ತಿಳಿದಿರಲೇಬೇಕಾದ ಸಂಗತಿ.

ಮೂರನೆಯ ಕಾರಣ, ಜನರ ಭಾಷೆ. ಕಾಪುವಿನಿಂದ ಪಡುಬಿದ್ರಿಯವರೆಗಿನ ಹಾದಿಯಲ್ಲಿಯೇ ತುಳು, ಕೊಂಕಣಿ, ಬ್ಯಾರಿ, ಉರ್ದು, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಪಠ್ಯಪುಸ್ತಕವು ಇಂಗ್ಲಿಷಿನದು, ನೋವು ಮಾತ್ರ ಮನೆಮಾತಿನದು. ನೆರೆಮನೆಯ ಅಜ್ಜನ ಬೂತಾಯಿ ಕಲಿಸುವ ಪಾಠ ಇದೇ ಅಲ್ಲವೆ?

ಹಾಗಾದರೆ ಈ ಮುಂದುವರಿದ ಶಿಕ್ಷಣಕ್ಕೆ ಇರುವ ಏರ್ಪಾಡುಗಳೇನು? ಸ್ಪೀಚ್ ಥೆರಪಿಸ್ಟರು, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಮೊದಲಾದವರು ೧೯೯೨ರ ಕಾಯಿದೆಯ ಮೇರೆಗೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಆ ನೋಂದಣಿಯ ನವೀಕರಣಕ್ಕೆ ತರಬೇತಿಗಳಲ್ಲಿ ಅಂಕ ಗಳಿಸಿರಬೇಕು. ಫಿಸಿಯೋಥೆರಪಿಸ್ಟರನ್ನೂ ಆಸ್ಪತ್ರೆಗಳ ಸಮಾಜಕಾರ್ಯಕರ್ತರನ್ನೂ ೨೦೨೧ರ ಇನ್ನೊಂದು ಕಾಯಿದೆ ರಾಷ್ಟ್ರೀಯ ಆಯೋಗವೊಂದರ ಅಡಿಯಲ್ಲಿ ತಂದಿದೆ. ಆದರೆ ಹಳ್ಳಿಯಲ್ಲಿ, ಬಾಲಮಂದಿರದಲ್ಲಿ, ಸ್ವಯಂಸೇವಾ ಸಂಸ್ಥೆಯಲ್ಲಿ ದುಡಿಯುವ ಸಾಮಾನ್ಯ ಸಮಾಜಕಾರ್ಯಕರ್ತನಿಗೆ, ವಕೀಲರಿಗೂ ವೈದ್ಯರಿಗೂ ಇರುವಂತಹ ರಾಷ್ಟ್ರೀಯ ಪರಿಷತ್ತು ಇಲ್ಲ. ಅವನು ಕಲಿತರೂ ಕೇಳುವವರಿಲ್ಲ, ಕಲಿಯದಿದ್ದರೂ ಕೇಳುವವರಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿಯ ಸಮಾಜಕಾರ್ಯಕರ್ತನು ತಾನು ಏನು ಕಲಿತೆ, ಅದರಿಂದ ತನ್ನ ಕೆಲಸ ಹೇಗೆ ಬದಲಾಯಿತು ಎಂಬುದನ್ನು ಪ್ರತಿವರ್ಷ ಬರೆದು ಒಪ್ಪಿಸಬೇಕು. ಸಹೋದ್ಯೋಗಿಯೊಬ್ಬನೊಡನೆ ಅದನ್ನು ಚರ್ಚಿಸಿಯೂ ಇರಬೇಕು.

ನಮ್ಮ ನಾಡಿನಲ್ಲಿ ದಾರಿಯೇ ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೧೯೭೫ರಲ್ಲಿಯೇ ಸಕಲವಾರದ ಗ್ರಾಮೀಣ ಕೇಂದ್ರದಿಂದ ಹಳ್ಳಿಯ ಕಡೆಗೆ ಮುಖ ಮಾಡಿತು. ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಿ ಉಪಚರಿಸುವ ತರಬೇತಿ ನೀಡಲಾಯಿತು. ಆಗಲೇ ಸೇವೆಯಲ್ಲಿದ್ದವರನ್ನು ಮತ್ತೆ ಕಲಿಸಿದ ಈ ಬಳ್ಳಾರಿಯ ಪ್ರಯೋಗವೇ ೧೯೯೬ರಿಂದ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ೨೦೧೮ರಿಂದ ನಿಮ್ಹಾನ್ಸಿನ ಡಿಜಿಟಲ್ ಅಕಾಡೆಮಿಯೂ ನಡೆಯುತ್ತಿದ್ದು, ದೂರದ ಊರಿನ ಕಾರ್ಯಕರ್ತನು ತಾನಿದ್ದಲ್ಲಿಂದಲೇ ತಜ್ಞರ ಪಾಠ ಕೇಳಬಹುದಾಗಿದೆ.

ಇಷ್ಟಾದರೂ ಎರಡು ತೊಡಕುಗಳನ್ನು ಮುಚ್ಚಿಡಬಾರದು. ಒಂದು, ಹಣ ಮತ್ತು ಬಿಡುವು. ಅಲ್ಪ ವೇತನದ ಗುತ್ತಿಗೆ ಕೆಲಸದಲ್ಲಿರುವವನು ಸ್ವಂತ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಕಲಿಯಲಿ ಎನ್ನುವುದು ನ್ಯಾಯವಲ್ಲ. ಕಲಿಕೆಯ ದಿನಗಳನ್ನು ಕೆಲಸದ ದಿನಗಳೆಂದೇ ಪರಿಗಣಿಸಬೇಕು. ಇನ್ನೊಂದು, ಪ್ರಮಾಣಪತ್ರದ ಮೋಹ. ಸಹಿ ಹಾಕಿ, ಊಟ ಮಾಡಿ, ಪತ್ರ ಹಿಡಿದು ಮರಳುವುದು ಶಿಕ್ಷಣವಲ್ಲ. ತರಬೇತಿಯಿಂದ ಬಂದ ಮರುದಿನ ಕೆಲಸದಲ್ಲಿ ಒಂದಾದರೂ ಬದಲಾವಣೆ ಆಯಿತೇ? ಇದೇ ಅದರ ಒರೆಗಲ್ಲು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಖರ್ಚೇ ಇಲ್ಲದ ಇನ್ನೊಂದು ಕ್ರಮ. ಸಮಾಜಕಾರ್ಯದ ವಿದ್ಯಾರ್ಥಿಯು ಕ್ಷೇತ್ರಕಾರ್ಯದಿಂದ ಬಂದೊಡನೆ ವರದಿ ಬರೆಯುತ್ತಾನೆ; ಅಧ್ಯಾಪಕರು ಅದನ್ನೋದಿ, ‘ಇಲ್ಲಿ ಏಕೆ ಹೀಗೆಂದೆ? ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು?’ ಎಂದು ಕೇಳುತ್ತಾರೆ. ಕೆಲಸ ಸಿಕ್ಕಿದಂದಿನಿಂದ ಆ ಪ್ರಶ್ನೆ ಕೇಳುವವರೇ ಇರುವುದಿಲ್ಲ. ದಿನವೂ ಪರರ ಕಣ್ಣೀರನ್ನು ಕೇಳುವವನ ಮನಸ್ಸು ಒಂದೋ ಕಲ್ಲಾಗುತ್ತದೆ, ಇಲ್ಲವೆ ಕುಸಿಯುತ್ತದೆ. ಉಡುಪಿ, ಕಾಪು, ಕಾರ್ಕಳದ ಕಾರ್ಯಕರ್ತರೂ ಚಿಕಿತ್ಸಕರೂ ತಿಂಗಳಿಗೊಮ್ಮೆ ಒಂದೆಡೆ ಕುಳಿತು, ಹೆಸರು ಹೇಳದೆ, ತಮಗೆ ಸೋಲಾದ ಒಂದೊಂದು ಪ್ರಸಂಗವನ್ನು ಮುಂದಿಟ್ಟು ವಿಚಾರ ಮಾಡಿದರೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ? ಅಂತಹ ಕೂಟಕ್ಕೆ ನಮ್ಮಂತಹ ಸರಕಾರಿ ಕಾಲೇಜು ಒಂದು ಕೊಠಡಿಯನ್ನೂ ಒಂದು ಶನಿವಾರದ ಅಪರಾಹ್ನವನ್ನೂ ಕೊಡಬಹುದು. ಅಧ್ಯಾಪಕರು ಈ ಸೂಚನೆಯನ್ನು ಪರಿಶೀಲಿಸಬೇಕೆಂದು ವಿನಂತಿ.

ನಮ್ಮ ಸಹಪಾಠಿಗಳಲ್ಲಿ ಹಲವರು ಮುಂದೆ ಈ ವೃತ್ತಿಗಳಿಗೆ ಹೋಗಲಿದ್ದಾರೆ. ಅವರಲ್ಲಿ ನನ್ನದೊಂದು ಅರಿಕೆ: ಪದವಿಪತ್ರವನ್ನು ಗೋಡೆಗೆ ತೂಗುಹಾಕುವಾಗ ನಮ್ಮೂರಿನ ಗಾದೆಯ ಅರ್ಧವನ್ನಷ್ಟೇ ನೆನೆಯಿರಿ. ಆ ದಿನ ಕಲಿಕೆಯ ಜಪ್ಪು. ಅಡೆಪಿನ ಮಾತು ಬೇಡ. ನಾವು ಕಲಿಯಲು ತಡಮಾಡಿದ ಪ್ರತಿ ತಿಂಗಳೂ ಎಲ್ಲಿಯೋ ಒಬ್ಬ ಅಜ್ಜನ ಮೌನದ ಲೆಕ್ಕಕ್ಕೆ ಸೇರುತ್ತದೆ.