ಮಿಕ್ಕಿ ಕಾಟ್ಸ್ ಎಂಬ ಅಣಕವಾಡುಗಾರ

1947ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ ಹೊರತಂದ ಧ್ವನಿಮುದ್ರಿಕೆಯೊಂದರಲ್ಲಿ ‘ಹೋಮ್ ಆನ್ ದಿ ರೇಂಜ್’ ಎಂಬ ಜನಪ್ರಿಯ ಕೌಬಾಯ್ ಗೀತೆ ಯಿಡ್ಡಿಷ್ ಅಣಕವಾಡಾಗಿ ರೂಪಾಂತರಗೊಂಡಿತ್ತು. ಹಾಡಿದವರು ಮಿಕ್ಕಿ ಕಾಟ್ಸ್. ಎರಡನೆಯ ಮಹಾಯುದ್ಧ ಮುಗಿದು ಆಗ ಎರಡು ವರ್ಷವಾಗಿತ್ತಷ್ಟೆ. ನಾಜಿಗಳು ಕೊಂದ ಸುಮಾರು 60 ಲಕ್ಷ ಯೆಹೂದಿಗಳಲ್ಲಿ ಬಹುಪಾಲು ಮಂದಿಯ ಮನೆಮಾತು ಇದೇ ಯಿಡ್ಡಿಷ್. ಅಂಥ ಹೊತ್ತಿನಲ್ಲಿ ಆ ಭಾಷೆಯಲ್ಲಿ ನಗಿಸುವುದು ಔಚಿತ್ಯವೇ? ಔಚಿತ್ಯವೆಂದೇ ನನ್ನ ಅಭಿಪ್ರಾಯ.

ಯಿಡ್ಡಿಷ್‌ನ ಬುನಾದಿ ಜರ್ಮನ್, ಲಿಪಿ ಹೀಬ್ರೂ, ಹೀಬ್ರೂ ಮತ್ತು ಸ್ಲಾವಿಕ್ ಪದಗಳು ಅದರಲ್ಲಿ ಧಾರಾಳ. ಪಂಡಿತರು ಬಹುಕಾಲ ಅದನ್ನು ಕಲಬೆರಕೆ ನುಡಿಯೆಂದು ಹೀಗಳೆದರು. ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳಿಗಂತೂ ಅದು ಹೆತ್ತವರ ಬಡತನದ ಗುರುತಾಗಿತ್ತು. ಕಾಟ್ಸ್ ಅವರೂ ಅಂಥದೇ ಕುಟುಂಬದವರು. 1909ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಜನನ, ತಂದೆ ದರ್ಜಿ. ಬಾಲ್ಯದಲ್ಲೇ ಕ್ಲಾರಿನೆಟ್ ಹಿಡಿದ ಅವರು ಮುಂದೆ ಸ್ಪೈಕ್ ಜೋನ್ಸ್ ಅವರ ಹಾಸ್ಯ ವಾದ್ಯಮೇಳವನ್ನು ಸೇರಿದರು. ಗಂಟಲಿನಿಂದ ಗುಳುಗುಳು ಸದ್ದು ಹೊರಡಿಸುವುದೂ ಅಲ್ಲಿ ಅವರ ಕೆಲಸದ ಭಾಗವಾಗಿತ್ತು.

ಅವರ ಅಣಕವಾಡುಗಳ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಹಾಡು ಅಪ್ಪಟ ಅಮೆರಿಕನ್ ಧಾಟಿಯಲ್ಲೇ ಆರಂಭವಾಗುತ್ತದೆ. ಇಂಗ್ಲಿಷಿನ ನಡುವೆ ಯಿಡ್ಡಿಷ್ ಪದಗಳು, ಅದರಲ್ಲೂ ತಿಂಡಿತಿನಿಸುಗಳ ಹೆಸರುಗಳು, ನುಸುಳತೊಡಗುತ್ತವೆ. 1955ರ ‘ಡುವಿಡ್ ಕ್ರಾಕೆಟ್’ನಲ್ಲಿ ಗಡಿನಾಡಿನ ವೀರ ಡೇವಿ ಕ್ರಾಕೆಟ್ ನ್ಯೂಯಾರ್ಕಿನ ಯೆಹೂದಿ ಕೇರಿ ಡೆಲಾನ್ಸಿ ಸ್ಟ್ರೀಟಿನವನಾಗಿಬಿಡುತ್ತಾನೆ. ಬಳಿಕ ಹಾಡಿನ ನಡುವೆ ಎಲ್ಲವೂ ತಟ್ಟನೆ ಬದಲಾಗುತ್ತದೆ. ಮಾತು ನಿಂತು ವಾದ್ಯಗಳು ಕ್ಲೆಜ್‌ಮರ್‌ಗೆ, ಅಂದರೆ ಪೂರ್ವ ಯುರೋಪಿನ ಯೆಹೂದಿಗಳ ಮದುವೆಮನೆಯ ಸಂಗೀತಕ್ಕೆ, ನಾಗಾಲೋಟದಲ್ಲಿ ಹೊರಳುತ್ತವೆ. ಆ ಕೆಲವು ಕ್ಷಣಗಳಲ್ಲಿ ಅಣಕದ ಲೇಶವೂ ಇಲ್ಲ. ಕಾಟ್ಸ್ ಅವರ ಕ್ಲಾರಿನೆಟ್, ಮ್ಯಾನಿ ಕ್ಲೈನ್ ಅವರ ಟ್ರಂಪೆಟ್ ಅಲ್ಲಿ ಪೂರ್ಣ ಗಾಂಭೀರ್ಯದಿಂದ ನುಡಿಯುತ್ತವೆ. ಆ ಸಂಗೀತಕ್ಕೆ ಮಾರುಕಟ್ಟೆಯೇ ಕುಸಿದಿದ್ದ ಕಾಲದಲ್ಲಿ, ನಗೆಯ ಸರಕಿನೊಳಗೆ ಅದನ್ನು ಅಡಗಿಸಿ ಗಿರಾಕಿಯ ಮನೆಗೆ ತಲುಪಿಸಿದಂತಾಯಿತು. ಅರ್ಥಶಾಸ್ತ್ರ ಓದಿದ ನನಗೆ ಈ ಜಾಣತನ ಹಿಡಿಸುತ್ತದೆ.

1948ರಲ್ಲಿ ಅವರು ಆರಂಭಿಸಿದ ‘ಬೋರ್ಷ್ಟ್ ಕೆಪೇಡ್ಸ್’ ಎಂಬ ವಿನೋದಾವಳಿ 1951ರಲ್ಲಿ ಬ್ರಾಡ್‌ವೇ ರಂಗಭೂಮಿಗೂ ಏರಿತು. ಆದರೆ ಸಭ್ಯಸ್ಥ ಯೆಹೂದಿಗಳಲ್ಲಿ ಹಲವರಿಗೆ ಈ ಹಾಡುಗಳು ಮುಜುಗರ ತಂದವು. ಕೆಲವು ರೇಡಿಯೊ ಕೇಂದ್ರಗಳು ಅವರ ಮುದ್ರಿಕೆಗಳನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ನೆರೆಯವರ ಮುಂದೆ ತಮ್ಮ ಜನ ನಗೆಪಾಟಲಾಗುತ್ತಾರೆಂಬ ಅವರ ಅಳುಕು ಅರ್ಥವಾಗದ್ದಲ್ಲ. ಯೆಹೂದಿಗಳನ್ನು ಹಂಗಿಸುವ ಹಾಸ್ಯವೂ ಇತ್ತು. ಆದರೆ ಕಾಟ್ಸ್ ಅವರ ಅಣಕಕ್ಕೆ ಗುರಿಯಾದದ್ದು ಯಿಡ್ಡಿಷ್ ಅಲ್ಲ, ಕೌಬಾಯ್ ಹಾಡು. ತನ್ನತನ ಕಳಚಿಟ್ಟರೆ ಮಾತ್ರ ಅಮೆರಿಕನ್ನನಾಗಬಹುದೆಂಬ ಕರಾರನ್ನೇ ಅವರು ಒಪ್ಪಲಿಲ್ಲ.

ಕಾಟ್ಸ್ 1985ರಲ್ಲಿ ನಿಧನರಾದರು. 1993ರಲ್ಲಿ ಅವರ ಸಂಗೀತವನ್ನು ಪೂರ್ಣ ಆಲ್ಬಮ್ ಆಗಿ ಮರಳಿ ನುಡಿಸಿದವರು ಡಾನ್ ಬೈರನ್ ಎಂಬ ಕರಿಯ ಕ್ಲಾರಿನೆಟ್ ವಾದಕ. ಕಾಟ್ಸ್ ಅವರ ಮಗ, ‘ಕ್ಯಾಬರೆ’ ಚಿತ್ರಕ್ಕಾಗಿ ಆಸ್ಕರ್ ಪಡೆದ ಜೋಯೆಲ್ ಗ್ರೇ, ತಂದೆಯ ಕುಲನಾಮವನ್ನು ಬಿಟ್ಟಿದ್ದವರು. ಅವರೇ 2018ರಲ್ಲಿ ನ್ಯೂಯಾರ್ಕಿನಲ್ಲಿ ‘ಫಿಡ್ಲರ್ ಆನ್ ದಿ ರೂಫ್’ ನಾಟಕವನ್ನು ಯಿಡ್ಡಿಷ್‌ನಲ್ಲಿ ನಿರ್ದೇಶಿಸಿದರು. ಆಗ ಅವರಿಗೆ 86 ವರ್ಷ.